ಹನ್ನೊಂದು ಹದಿನಾರರ ಉತ್ತರ

ಪತ್ರದ ಕೊನೆಯಲ್ಲಿ ರಶ್ಮಿತಾಳ ಹೆಸರಿತ್ತು. ಆದರೆ ಆ ಪತ್ರವನ್ನು ರಶ್ಮಿತಾ ಬರೆದಿರಲಿಲ್ಲ.

‘ನನ್ನ ಪ್ರಬಂಧದ ಅಂಕಿಅಂಶಗಳೆಲ್ಲ ಸುಳ್ಳು. ನನ್ನ ಪಿಎಚ್.ಡಿ. ನೋಂದಣಿ ರದ್ದು ಮಾಡಿ’ — ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಅವಳದೇ ವಿಶ್ವವಿದ್ಯಾಲಯದ ಇಮೇಲ್‌ನಿಂದ ಗೈಡ್‌ಗೂ ಕೇಂದ್ರದ ಮುಖ್ಯಸ್ಥರಿಗೂ ಹೋಗಿತ್ತು. ಶುಕ್ರವಾರ ಖಾತೆ ತೆರೆಯಲು ಹೋದರೆ ಪಾಸ್‌ವರ್ಡ್ ತಪ್ಪು ಎನ್ನುತ್ತಿತ್ತು. ಏಲಕ್ಕಿ ತೋಟದ ಹಳ್ಳಗಳಲ್ಲಿ ಮೂರು ವರ್ಷ ಜಿಗಣೆ ಕಚ್ಚಿಸಿಕೊಂಡು ಕಪ್ಪೆ ಎಣಿಸಿದ್ದೆಲ್ಲ ಮಣ್ಣುಪಾಲು! ಇವತ್ತೇ ಮಧ್ಯಾಹ್ನ ಮೂರಕ್ಕೆ ಸಮಿತಿ ಸೇರುತ್ತದೆ. ತಾನು ಬರೆದಿಲ್ಲವೆಂದು ಅಷ್ಟರೊಳಗೆ ತೋರಿಸದಿದ್ದರೆ ಸೀಟೂ ಹೋಯಿತು, ಮಾನವೂ ಹೋಯಿತು.

ವನಗೂರಿನ ಆಚೆ ರಶ್ಮಿತಾ ಇದ್ದ ಸಂಶೋಧನಾ ಕೇಂದ್ರಕ್ಕೆ ವಿಚಾರಣೆಗೆಂದು ಹಾಸನದಿಂದ ಬಂದವರು ಕ್ಲೆಮೆಂಟಿನಾ. ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು, ಆನೇಮಹಲ್ ಕಡೆಯ ಹೆಂಗಸು. ಕುರ್ಚಿ ಎಳೆದುಕೊಳ್ಳುವ ಮೊದಲೇ ಕೇಳಿದರು:

“ಪಾಸ್‌ವರ್ಡ್ ಯಾರಿಗೆ ಹೇಳಿದ್ದೆ?”

“ಯಾರಿಗೂ ಇಲ್ಲ ಮೇಡಂ.”

“ಸುಳ್ಳು ಬೇಡ ಮಾರಾಯ್ತಿ. ಮೂರು ಗಂಟೆ ಆಗೋಕೆ ಹೆಚ್ಚು ಹೊತ್ತಿಲ್ಲ.”

ರಶ್ಮಿತಾ ತಲೆ ತಗ್ಗಿಸಿದಳು. “ಶಾನ್‌ಗೆ. ಒಂದ್ಸಲ ಫೈಲ್ ಕಳಿಸೋಕೆ ಅಂತ…”

ಶಾನ್ ಅವಳ ಜೊತೆಗೇ ಸಂಶೋಧನೆ ಮಾಡುವವನು. ಪಕ್ಕದಲ್ಲಿ ಕೂತಿದ್ದ ಗೈಡ್ ರಾಜಶೇಖರ್ ನಿಟ್ಟುಸಿರು ಬಿಟ್ಟು, ರಶ್ಮಿತಾಳ ಮುಂದೆ ನೀರಿನ ಲೋಟ ಸರಿಸಿದರು. “ಹುಡುಗ ಒಳ್ಳೆಯವನೇ. ಆದರೂ… ಗೊತ್ತಿದ್ದದ್ದು ಅವನೊಬ್ಬನಿಗೇ ಅಲ್ಲವಾ?”

ರಾಜಶೇಖರ್ ಎದ್ದು ಹೋದ ಮೇಲೆ ಶಾನ್‌ನನ್ನು ಕರೆಸಿದರು. ಅವನ ಮುಖ ಬಿಳಿಚಿಕೊಂಡಿತ್ತು.

“ಗುರುವಾರ ಬೆಳಿಗ್ಗೆ ಎಲ್ಲಿದ್ದೆ?”

“ತೋಟದಲ್ಲಿ. ಒಬ್ಬನೇ.”

“ಕೇಂದ್ರಕ್ಕೆ ಯಾಕೆ ಬರಲಿಲ್ಲ?”

“ಬಂದು ಏನ್ಮಾಡ್ಲಿ ಮೇಡಂ? ಲೈನ್ ಮೇಲೆ ಮರ ಬಿದ್ದು ಒಂಬತ್ತಕ್ಕೇ ಕರೆಂಟ್ ಹೋಗಿತ್ತು. ಎರಡರವರೆಗೂ ವೈಫೈ ಇಲ್ಲ, ಇಂಟರ್‌ಕಾಮ್ ಇಲ್ಲ.”

ರಶ್ಮಿತಾ ಅವನ ಕಣ್ಣು ತಪ್ಪಿಸಿದಳು. ನಂಬಿ ಕೆಟ್ಟೆನಲ್ಲ ಎಂದುಕೊಂಡಳು. ಅವನು ಹೊರಗೆ ಹೋದ.

ಕ್ಲೆಮೆಂಟಿನಾ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. “ನೋಡು. ಹನ್ನೊಂದು ನಾಲ್ಕಕ್ಕೆ ಯಾರೋ ‘ಪಾಸ್‌ವರ್ಡ್ ಮರೆತಿದೆ’ ಅಂತ ಒತ್ತಿದ್ದಾರೆ. ನಿನ್ನ ಫೋನಿಗೆ ಒಟಿಪಿ ಬಂದಿದೆ. ಅದನ್ನು ಹಾಕಿ ಹೊಸ ಪಾಸ್‌ವರ್ಡ್ ಮಾಡಿದ್ದಾರೆ. ಕೀಲಿಕೈ ಜೇಬಲ್ಲಿ ಇದ್ದವನು ಬೀಗ ಒಡೀತಾನಾ?”

ರಶ್ಮಿತಾ ಬೆಚ್ಚಿದಳು. “ಹಾಗಾದ್ರೆ ಶಾನ್ ಅಲ್ವಾ?”

“ಫೋನ್ ಎಲ್ಲಿತ್ತು, ಅದನ್ನು ಹೇಳು.”

“ಲಿಂಗಮ್ಮನ ಬುಟ್ಟೀಲಿ.”

ಆ ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಸಿಗುವುದು ಮೇಲಿನ ತಿರುವಿನಲ್ಲಿ, ಲಿಂಗಮ್ಮನ ಹೋಟೆಲಿನ ಜಗುಲಿಯಲ್ಲಿ ಮಾತ್ರ. ಹಾಗಾಗಿ ಕೇಂದ್ರದವರೆಲ್ಲ ಬೆಳಿಗ್ಗೆ ಫೋನುಗಳನ್ನು ಅವಳ ಬಿದಿರು ಬುಟ್ಟಿಯಲ್ಲಿ ಇಟ್ಟು ಬರುತ್ತಿದ್ದರು. ಒಟಿಪಿ ಬಂದರೆ ಅವಳು ಇಂಟರ್‌ಕಾಮ್‌ನಲ್ಲಿ ಓದಿ ಹೇಳುತ್ತಿದ್ದಳು. ಬ್ಯಾಂಕಿನದು, ಸ್ಕಾಲರ್‌ಶಿಪ್ಪಿನದು, ಎಲ್ಲರದೂ. ವರ್ಷಗಟ್ಟಲೆ ನಡೆದ ಪದ್ಧತಿ. ತಪ್ಪೆಂದು ಯಾರಿಗೂ ಅನಿಸಿರಲಿಲ್ಲ.

“ದೇವರೇ!” ಎಂದರು ಕ್ಲೆಮೆಂಟಿನಾ. “ಮನೆಗೆ ಬೀಗ ಹಾಕಿ ಕೀಲಿಕೈಯನ್ನ ಬಸ್‌ಸ್ಟ್ಯಾಂಡಲ್ಲಿ ನೇತುಹಾಕಿದ್ರಲ್ಲಾ ನೀವು!”

ಲಿಂಗಮ್ಮನನ್ನು ಕರೆತರಲು ಜೀಪ್ ಕಳಿಸಿದರು.

ಮೂರು ಗಂಟೆ. ಹೊರಗೆ ಮಂಜು ಇಳಿದು ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ. ಕೇಂದ್ರದ ಮುಖ್ಯಸ್ಥ ದೇವೀರಪ್ಪನವರ ಮುಂದೆ ರದ್ದತಿ ಆದೇಶ ಸಹಿಗೆ ಸಿದ್ಧವಾಗಿತ್ತು. ಜೀಪಿನಲ್ಲಿ ಬಂದ ಲಿಂಗಮ್ಮ ಗೋಡೆಗೊರಗಿ ನಿಂತಿದ್ದಳು.

“ಬಂದ ಪತ್ರವನ್ನು ಎಲ್ಲರೂ ಹತ್ತು ಸಲ ಓದಿದ್ದೀರಿ,” ಎಂದರು ಕ್ಲೆಮೆಂಟಿನಾ. “ಅದಕ್ಕೆ ಹೋದ ಉತ್ತರವನ್ನು ಯಾರಾದರೂ ನೋಡಿದಿರಾ?”

“ಉತ್ತರ ಬರೆದದ್ದು ನಾನು,” ಎಂದರು ರಾಜಶೇಖರ್. “ಕಚೇರಿಯಲ್ಲಿ ಕೂತಿದ್ದೆ, ಪತ್ರ ಬಂತು. ದುಃಖದಿಂದ ಒಪ್ಪಿದ್ದೇನೆ ಅಂತ ಆಗಲೇ ಬರೆದೆ.”

“ಹನ್ನೊಂದು ಹದಿನಾರಕ್ಕೆ. ಅಲ್ಲವಾ ಸರ್?”

“ಇರಬಹುದು.”

“ಒಂಬತ್ತರಿಂದ ಎರಡರವರೆಗೆ ಇಲ್ಲಿ ಕರೆಂಟೇ ಇರಲಿಲ್ಲ. ವೈಫೈ ಸತ್ತ ಕಚೇರಿಗೆ ಪತ್ರ ಹೇಗೆ ಬಂತು? ಉತ್ತರ ಹೇಗೆ ಹೋಯಿತು?”

ರಾಜಶೇಖರ್ ಕುರ್ಚಿಯಲ್ಲಿ ಸರಿದು ಕೂತರು.

“ಫೋನಿನಲ್ಲಿ ನೋಡಿರಬೇಕು… ನೆನಪಿಲ್ಲ.”

“ಫೋನಿಗೆ ಸಿಗ್ನಲ್ ಇರೋದು ಒಂದೇ ಕಡೆ. ಲಿಂಗಮ್ಮಾ, ಗುರುವಾರ ರಾಜಶೇಖರ್ ಸಾಹೇಬರು ಬಂದಿದ್ದರಾ?”

“ಹೂಂ ಕಣವ್ವ, ಬಂದಿದ್ರು. ಲ್ಯಾಪ್‌ಟಾಪ್ ಬಿಚ್ಕೊಂಡು ಕೂತಿದ್ರು. ಇಂಟರ್‌ಕಾಮ್ ಕೆಟ್ಟೈತೆ, ರಶ್ಮಿತಾ ನಂಬರ್ ಕೇಳ್ತಾವ್ಳೆ, ಓದಮ್ಮ ಅಂದ್ರು. ಓದ್ಬುಟ್ಟೆ.”

“ಜೀಪಿಂದ ಇಳಿದಾಗಲೇ ವಿಚಾರಿಸಿದೆನಲ್ಲ, ಆಗ ಯಾಕೆ ಹೇಳಲಿಲ್ಲ?” ದೇವೀರಪ್ಪ ಗದರಿದರು.

“ಕಳ್ಳ ಬಂದಿದ್ನಾ ಅಂತ ಕೇಳಿದ್ರಿ ಸಾಮಿ. ಮೇಷ್ಟ್ರು ಬಂದಿದ್ರಾ ಅಂತ ಯಾರ್ ಕೇಳಿದ್ರಿ?”

ಆ ಸಂದೇಶದಲ್ಲಿ ಅಂಕಿಯ ಪಕ್ಕದಲ್ಲೇ ‘ಯಾರಿಗೂ ಹೇಳಬೇಡಿ’ ಎಂದು ಇಂಗ್ಲಿಷಿನಲ್ಲಿತ್ತು. ಪಾಪ, ಲಿಂಗಮ್ಮನಿಗೆ ಓದಲು ಬರುತ್ತಿದ್ದದ್ದು ಅಂಕಿ ಮಾತ್ರ.

“ಏಲಕ್ಕಿ ತೋಟಕ್ಕೆ ಹೊಡೆಯುವ ಕೀಟನಾಶಕದಿಂದ ಕಪ್ಪೆಗಳಿಗೆ ತೊಂದರೆಯಿಲ್ಲ ಅಂತ ಬರೆದು ಇವರು ಹೆಸರು ಮಾಡಿದವರು,” ಎಂದರು ಕ್ಲೆಮೆಂಟಿನಾ. “ಹಳ್ಳಗಳೇ ಖಾಲಿಯಾಗಿವೆ ಅಂತ ರಶ್ಮಿತಾಳ ಲೆಕ್ಕ ಹೇಳುತ್ತದೆ. ಅದು ಹೊರಗೆ ಬಂದರೆ ಇವರ ಹೆಸರು ಉಳಿಯುತ್ತಿರಲಿಲ್ಲ. ಪತ್ರ ಬರೆದವರು ಇವರೇ.”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ದೇವೀರಪ್ಪ ಆದೇಶವನ್ನು ಹರಿದು ಹಾಕಿದರು. ಬಾಗಿಲಲ್ಲಿ ನಿಂತಿದ್ದ ಶಾನ್ ಕಡೆ ನೋಡಿ ರಶ್ಮಿತಾಳಿಗೆ ಅಳು ಬಂತು. ಗೆದ್ದೆ ಎನ್ನುವಷ್ಟರಲ್ಲಿ ಲಿಂಗಮ್ಮ ಮತ್ತೆ ಬಾಯಿ ಬಿಟ್ಟಳು.

“ಹಂಗಾದ್ರೆ ಹೋದ್ ವರ್ಷ ಸುಮನಾದು ಓದಿದ್ನಲ್ಲ, ಅದೂ ತಪ್ಪಾ? ಆವಾಗ್ಲೂ ಇವ್ರೇ ಬಂದು ಕೇಳಿದ್ರು.”

ಅದೇ ಹಳ್ಳಗಳಲ್ಲಿ ಕಪ್ಪೆ ಎಣಿಸುತ್ತಿದ್ದ ಸುಮನಾ ರಶ್ಮಿತಾಳ ಕೋಣೆಯಲ್ಲೇ ಇದ್ದವಳು. ಅವಳ ಹೆಸರಲ್ಲೂ ಇಂಥದೇ ಪತ್ರ ಹೋಗಿತ್ತು. ನಾನು ಬರೆದಿಲ್ಲ, ನೀನಾದರೂ ನಂಬು ಎಂದು ರಶ್ಮಿತಾಳ ಕೈ ಹಿಡಿದು ಅತ್ತಿದ್ದಳು.

“ಬರೆದು ಕಳಿಸಿ ಈಗ ಯಾಕೆ ನಾಟಕ?” ಎಂದು ರಶ್ಮಿತಾ ಅವತ್ತು ಕೈ ಬಿಡಿಸಿಕೊಂಡಿದ್ದಳು.