ಮೂರು ಗಂಟೆಯ ರೋಲರ್

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ನಮ್ಮ ಬಾಗಿಲ ಮುಂದಿನ ಮೆಟ್ಟಿಲುಗಳನ್ನು ದಿನವೂ ಗುಡಿಸಿದವಳು ನಾನು. ನನ್ನ ಎಣಿಕೆ ತಪ್ಪುವುದಿಲ್ಲ. ಮೊದಲು ಐದಿದ್ದವು. ಗುತ್ತಿಗೆದಾರ ಹಳೆಯ ಡಾಂಬರನ್ನು ಕೆರೆಯಿಸದೆ ಅದರ ಮೇಲೆಯೇ ಹೊಸದನ್ನು ಹಾಕಿಸುತ್ತ ಹೋದ. ಬೀದಿ ಏರಿತು, ಮೂರು ಉಳಿದವು. ಬಳಿಕ ಕೆಲಸ ನಿಂತಿತು, ರೋಲರ್ ಹೊರಟುಹೋಯಿತು.

ಅದರ ಸದ್ದು ಮಾತ್ರ ಹೋಗಲಿಲ್ಲ. ಪ್ರತಿ ಮಧ್ಯಾಹ್ನ ಮೂರಕ್ಕೆ ಅಡುಗೆಮನೆಯ ಪಾತ್ರೆಗಳು ಗಡಗಡಿಸುತ್ತಿದ್ದವು. ಹೊರಗೆ ಓಡಿದರೆ ಬೀದಿ ಖಾಲಿ. ನೆರಳಿನಲ್ಲೂ ಡಾಂಬರು ಅಂಗಾಲು ಸುಡುತ್ತಿತ್ತು. ಕೆಲವು ತಿಂಗಳಲ್ಲಿ ಉಳಿದದ್ದು ಒಂದೇ ಮೆಟ್ಟಿಲು.

ಕಚೇರಿಗೆ ಅಲೆದು ಅಲೆದು ಇಂಜಿನಿಯರನ್ನು ಕರೆತಂದೆ. ಅವರು ಟೇಪು ಹಿಡಿದು ಅಳೆದು, "ನೋಡಿ ಮೇಡಂ, ಈ ಕೆಲಸ ನಿಂತು ಆರು ತಿಂಗಳಾಯ್ತು. ನಿಮ್ಮ ಮನೆನೇ ಕುಸೀತಾ ಇರಬೇಕು," ಎಂದರು.

ಕಿಟಕಿಯ ಪಕ್ಕ ಹಾಸಿಗೆ ಹಿಡಿದಿರುವ ಅಮ್ಮ ನಕ್ಕಳು. "ಮೊದಲು ಹೋಗೋರ ಮುಖ ಕಾಣ್ತಿತ್ತು, ಆಮೇಲೆ ಹೊಟ್ಟೆ, ಈಗ ಬರೀ ಚಪ್ಪಲಿ. ಬಿಡೇ, ಮುಖಕ್ಕಿಂತ ಅದೇ ವಾಸಿ!"

ಅಮ್ಮನನ್ನು ತಂಗಿಯ ಮನೆಗೆ ಸಾಗಿಸಲು ಇಂದು ಬೆಳಿಗ್ಗೆ ಆಂಬುಲೆನ್ಸ್ ಕರೆಸಿದೆ. ಆ ಒಂದು ಮೆಟ್ಟಿಲೂ ಮುಳುಗಿತ್ತು. ಹೊರಕ್ಕೆ ತೆರೆಯುವ ನಮ್ಮ ಬಾಗಿಲು ಡಾಂಬರಿಗೆ ಸಿಕ್ಕಿ ಕದಲಲಿಲ್ಲ. ಆಚೆಯಿಂದ ಚಾಲಕ, "ಗುದ್ದಲಿ ತರ್ತೀನಿ ಅಕ್ಕಾ, ನೀವು ಎಲ್ಲೂ ಹೋಗ್ಬೇಡಿ," ಎಂದು ಹೋದವನು ಮರಳಲಿಲ್ಲ.

ಈಗ ಮೂರಾಯಿತು. ರೋಲರ್ ಬಂದಿದೆ. ಈ ಸಲ ಪಾತ್ರೆಗಳು ಅಲುಗುತ್ತಿಲ್ಲ. ಚಾವಣಿಯ ಸುಣ್ಣ ಅಮ್ಮನ ಹೊದಿಕೆಯ ಮೇಲೆ ಉದುರುತ್ತಿದೆ.