ಆ ಹೆಜ್ಜೆಗಳು ನನ್ನವಲ್ಲ

"ಎರಡ ಮಹಡಿ ಏರಿದ್ದಕ್ಕ ಇಷ್ಟ ತೇಕಿದ್ರ ಹೆಂಗ್ರೀ ಮೇಡಂ? ಕುಂದರ್ರಿ, ಕುಂದರ್ರಿ!"

ಸಮೃದ್ಧಿಯ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದ ಹೊಸ ಫಿಜಿಯೋಥೆರಪಿಸ್ಟ್ ಗೌರೀಶ ನಕ್ಕ. ಸುತ್ತ ನಿಂತಿದ್ದ ನರ್ಸ್‌ಗಳೂ ನಕ್ಕರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು!

ಬೆಳಗಾವಿಯ ಆ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳು ಬೆಳಿಗ್ಗೆ ಕೂತರೆ ಏಳುವುದು ಸಂಜೆಗೇ. ಊರಿನವರ ರಕ್ತವನ್ನೆಲ್ಲ ಪರೀಕ್ಷಿಸುವವಳ ರಕ್ತದ ಸಕ್ಕರೆಯೇ ಮಧುಮೇಹದ ಗಡಿಗೆ ಬಂದು ನಿಂತಿತ್ತು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ಕೂತೇ ದುಡಿಯುವ ಸಿಬ್ಬಂದಿಗೆ ವ್ಯಾಯಾಮ ಕಲಿಸಲು ಬಂದಿದ್ದ ಗೌರೀಶ, ಎಲ್ಲರಿಗೂ ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಕೊಟ್ಟ. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬೇಕು, ಸಂಜೆ ತೋರಿಸಬೇಕು.

'ಮತ್ತ ನಗಬೇಕಂತಾನೇನ? ತಡಿ, ತೋರಸ್ತೀನಿ!'

ಸಮೃದ್ಧಿ ಆ ಯಂತ್ರವನ್ನು ಒಯ್ದು, ದಿನವೆಲ್ಲ ವಾರ್ಡಿನಿಂದ ವಾರ್ಡಿಗೆ ತಿರುಗುವ ಆಯಾ ಫಕೀರವ್ವನ ಸೊಂಟಕ್ಕೆ ಸಿಕ್ಕಿಸಿದಳು.

"ಇದೇನವಾ ತಂಗಿ?"

"ಸುಮ್ನ ಇರ್ಲಿ ಫಕೀರವ್ವ. ಸಂಜೀಕ ಕೊಡು."

"ಇರ್ಲಿ ಬಿಡು, ಇದೇನ ಭಾರ ಐತೇನ!"

ಸಂಜೆ ನೋಡಿದರೆ ಹದಿನಾಲ್ಕು ಸಾವಿರ ಹೆಜ್ಜೆ!

"ಶಬ್ಬಾಶ್ ರೀ ಸಮೃದ್ಧಿ!" ಗೌರೀಶ ಕಣ್ಣರಳಿಸಿದ. "ಅವತ್ತ ನಕ್ಕಿದ್ದು ನನ್ನ ತಪ್ಪು."

ಅಂದಿನಿಂದ ಯಂತ್ರ ದಿನವೂ ಫಕೀರವ್ವನ ಸೊಂಟ ಸೇರಿತು, ಅವನು ದಿನವೂ ಲ್ಯಾಬಿಗೆ ಬಂದ. ಮೊದಲು ಹೆಜ್ಜೆ ಬರೆದುಕೊಳ್ಳಲು, ಆಮೇಲೆ ಚಹಾಕ್ಕೆ, ಆಮೇಲೆ ಯಾವ ನೆಪವೂ ಇಲ್ಲದೆ. ಅವನು ಬರುವ ಹೊತ್ತಿಗೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು, ಅರ್ಧ ಪ್ರೀತಿಗೆ, ಅರ್ಧ ಭಯಕ್ಕೆ.

ಸತ್ಯ ಹೇಳಿದರೆ ಅವನು ಹೋಗಿಬಿಡುತ್ತಾನೆ... ಹೇಳದಿದ್ದರೆ ಅವನು ಮೆಚ್ಚಿದ್ದು ತನ್ನನ್ನಲ್ಲ!

ಎರಡು ತಿಂಗಳಾದ ಮೇಲೆ ಖಾನಾಪುರದಲ್ಲಿ ನರ್ಸ್‌ಗಳ ಸಭೆ. ಗೌರೀಶ ಅವಳನ್ನೇ ಮಾದರಿಯೆಂದು ಕರೆದೊಯ್ದ. ನಲವತ್ತು ಮಂದಿಯ ಮುಂದೆ "ದಿನಾ ಹದಿನಾಲ್ಕು ಸಾವಿರ ಹೆಜ್ಜಿ, ನಮ್ಮ ಸಮೃದ್ಧಿ ಮೇಡಂ!" ಅಂದಾಗ ಅವನ ದನಿಯಲ್ಲಿ ಎಂಥ ಹೆಮ್ಮೆ!

ಅವಳು ಮೈಕು ಹಿಡಿಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಅಲ್ಲಿನ ಹಿರಿಯ ನರ್ಸ್ ಭರಮವ್ವ ಸಿಸ್ಟರ್ ಎದ್ದರು. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಮೊಣಕಾಲು ಊದಿತ್ತು.

"ನಾನೂ ದಿನಾ ಪೂರ್ತಿ ರಿಜಿಸ್ಟರ್ ಮುಂದ ಕುಂದರಾಕಿ ನೋಡ್ರಿ. ನಾಳಿಂದ ನಿಮ್ಮಂಗ ಹದಿನಾಲ್ಕು ಸಾವಿರ ನಡೀಲೇನು? ನೀವು ಹ್ಞೂಂ ಅನ್ರಿ, ನಡದಬಿಡ್ತೀನಿ!"

ಸಮೃದ್ಧಿ ಆ ಊದಿದ ಮೊಣಕಾಲು ನೋಡಿದಳು. ಈ ಕಾಲಿನಲ್ಲಿ, ತನ್ನ ಸುಳ್ಳು ನಂಬಿ ಆ ತಾಯಿ ನಡೆದರೆ...?

"ಬ್ಯಾಡ್ರೀ ಸಿಸ್ಟರ್. ಆ ಹೆಜ್ಜಿ ನನ್ನವಲ್ಲ... ನಮ್ಮ ಆಯಾ ಫಕೀರವ್ವನವು. ನಾ ಕುಂತಲ್ಲೇ ಕುಂತಿದ್ದೆ."

ಗೌರೀಶನ ಮುಖ ಬಾಡಿತು. ಅವಳು ಮೈಕು ಕೆಳಗಿಟ್ಟು, ಯಾರ ಕಡೆಯೂ ನೋಡದೆ ಹೊರಗೆ ನಡೆದಳು. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ.

ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬಳೇ ಅಳುತ್ತ ಕೂತಿದ್ದಾಗ ಅವನು ಬಂದ.

"ಎರಡ ತಿಂಗಳ ನನ್ನ ಹುಚ್ಚ ಮಾಡಿದ್ರಲ್ಲ! ಯಾಕ್ರೀ?"

"ಎಲ್ಲಾರ ಮುಂದ ನಕ್ಕಿದ್ರಿ... ಮತ್ತ ನಿಮ್ಮ ಕಣ್ಣಾಗ ಸಣ್ಣಾಕಿ ಆಗೂದು ಬ್ಯಾಡಾಗಿತ್ತು. ಆಮ್ಯಾಲ ನೀವು ದಿನಾ ಬರಾಕತ್ತಿದ್ರಿ. ನಿಮ್ಮನ್ನ ಕಳಕೊಳ್ಳಾಕ ಅಂಜಿಕಿ ಆತು."

ಅವನು ಬಾಜು ಕೂತ.

"ನಮ್ಮಕ್ಕನೂ ನರ್ಸ್. ಮಂದಿ ಸಕ್ಕರಿ ನೋಡಕೋತ ತನ್ನ ಸಕ್ಕರಿ ಮರತ್ಲು. ಈಗ ಆಕೀ ಕಣ್ಣು ಮಂಜು. ಅವತ್ತ ನಿಮ್ಮ ನಾಡಿ ಹಿಡದಾಗ ನನಗ ಖರೇ ಅಂದ್ರ ಅಂಜಿಕಿ ಬಂತ್ರೀ. ಅದನ್ನ ಮುಚ್ಚಾಕ ನಕ್ಕೆ. ನೀವು ಸುಳ್ಳ ಹೇಳಿದ್ದಕ್ಕಿಂತ, ನಡೀಲೇ ಇಲ್ಲಲ್ಲ ಅಂತ ಸಂಕಟ ಆಗ್ತೈತಿ."

ಅವಳಿಗೆ ದುಃಖ ಉಕ್ಕಿ ಬಂತು. ತನ್ನ ಜೀವದ ಚಿಂತೆ ಇಷ್ಟೊಂದು ಇವನಿಗೆ!

"ನೀವು ಎದ್ದ ಹ್ವಾದಮ್ಯಾಲ ಭರಮವ್ವ ಸಿಸ್ಟರ್ ಏನಂದ್ರ ಗೊತ್ತೇನು? 'ಆಕೀಗೂ ಆಗಿಲ್ಲಂದ್ರ ನನಗ ಧೈರ್ಯ ಬಂತು, ಆಕೀ ಜೋಡಿ ಐದ ನಿಮಿಷದಿಂದ ಶುರು ಮಾಡ್ತೀನಿ' ಅಂದ್ರು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಮಾಡ್ತೀನ್ರೀ. ಖರೇನ ಮಾಡ್ತೀನಿ."

ಗೌರೀಶ ಮೆಲ್ಲಗೆ ಅವಳ ಕೈ ಹಿಡಿದ. ಈ ಸಲ ನಾಡಿ ಎಣಿಸಲು ಅಲ್ಲ.

"ನಮ್ಮವ್ವ ನಿಮ್ಮನ್ನ ನೋಡಾಕ ಬರ್ತೀನಿ ಅನ್ನಾಕತ್ಯಾಳ. ಏನ ಹೇಳ್ಲಿ?"

"ಹುಡುಗಿ ಸುಳ್ಳ ಹೇಳಿದ್ಲು ಅಂತ ಹೇಳ್ರಿ..."

"ಹೇಳ್ತೀನಿ. ನಲವತ್ತ ಮಂದಿ ಮುಂದ ನಿಂತು ಒಪ್ಪಿಕೊಂಡ್ಲು ಅಂತನೂ ಹೇಳ್ತೀನಿ."

"ಮತ್ತ?"

"ಮತ್ತ... ನನಗ ಆಕೀನ ಬೇಕಂತ ಹೇಳ್ತೀನಿ."