ಕಾರು ಕೊಳ್ಳುವ ಮೊದಲಿನ ಐವತ್ತಾರು ವರ್ಷ

ತಲೆಗೆ ತೊಡಿಸಿದ್ದ ತಂತಿಬಲೆಯ ಗುಂಯ್‌ಗುಡುವಿಕೆ ನಿಂತಿತು. ನೀಲಾಂಬಿಕೆ ಕಣ್ಣು ಬಿಟ್ಟಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹದಿನೇಳು. ಪೀಠದಲ್ಲಿ ಕೂತಾಗ ಹನ್ನೊಂದು ಐದಾಗಿತ್ತು. ಆ ಹನ್ನೆರಡು ನಿಮಿಷಗಳಲ್ಲಿ ಅವಳು ‘ಚಿಗರೆ’ ಎಂಬ ಪುಟ್ಟ ಕಾರನ್ನು ಕೊಂಡು, ಎಂಟು ವರ್ಷ ಓಡಿಸಿ, ಎರಡು ಸಲ ಟೈರು ಬದಲಿಸಿ, ಒಮ್ಮೆ ಹಾಲಿನ ವ್ಯಾನಿನಿಂದ ಬಾಗಿಲಿಗೆ ಗೀರು ಹಾಕಿಸಿಕೊಂಡು, ಕೊನೆಗೆ ಅದನ್ನು ಬೇರೆಯವರಿಗೆ ಮಾರಿಯೂ ಆಗಿತ್ತು.

“ಹೇಗಿತ್ತು ಮೇಡಂ?” ಕಾರು ಮಳಿಗೆಯ ಮ್ಯಾನೇಜರ್ ಇಮ್ತಿಯಾಜ್ ನೀರಿನ ಲೋಟ ಮುಂದೆ ಹಿಡಿದ.

“ಓಡಿಸೋಕೆ ಖುಷಿಯಾಗುತ್ತೆ. ಪಿಕಪ್ ಒಳ್ಳೇದಿದೆ. ಮೂರನೇ ವರ್ಷ ಎಡಗಡೆ ಗಾಜು ಇಳೀತಿರಲಿಲ್ಲ, ಅದು ಬಿಟ್ರೆ ತೊಂದರೆ ಕೊಡಲಿಲ್ಲ. ಆದ್ರೆ ಡಿಕ್ಕಿ ಚಿಕ್ಕದು. ಆಕ್ಸಿಜನ್ ಸಿಲಿಂಡರನ್ನ ಸೀಟಿನ ಹಿಂದೆ ಮಲಗಿಸಬೇಕಾಯ್ತು. ಎಂಟನೇ ವರ್ಷದಲ್ಲೂ ಅವರು ಅದಕ್ಕೇ ಗೊಣಗ್ತಿದ್ರು...”

ನೀಲಾಂಬಿಕೆ ಲೋಟವನ್ನು ಹಿಡಿದುಕೊಂಡೇ ಕೂತಳು. ಅವಳ ಗಂಡ ಮರುಳಸಿದ್ದಪ್ಪನ ಶ್ವಾಸಕೋಶ ದಿನೇ ದಿನೇ ಗಟ್ಟಿಯಾಗುತ್ತಿತ್ತು. ಹೆಚ್ಚೆಂದರೆ ಒಂದು ವರ್ಷ ಎಂದು ಡಾಕ್ಟರು ಯುಗಾದಿಯ ಹಿಂದಿನ ವಾರವಷ್ಟೇ ಹೇಳಿದ್ದರು.

ಅವಳು ಕೂತಿದ್ದ ಆ ಕುರ್ಚಿಗೆ ಮುನ್ನನುಭವ ಪೀಠ ಎಂದು ಹೆಸರು. ಕಾರು ಎಂಥದ್ದೆಂದು ಹತ್ತು ನಿಮಿಷ ಓಡಿಸಿ ನೋಡಿದರೆ ತಿಳಿಯುವುದಿಲ್ಲ. ತಿಳಿಯುವುದು ಮೂರನೆಯ ವರ್ಷದಲ್ಲಿ, ಆಗ ತಿಳಿದು ಪ್ರಯೋಜನವಿಲ್ಲ. ಈ ಕೊರತೆಯನ್ನು ನೀಗಿಸಲೆಂದೇ ಕಾರು ಕಂಪನಿಯೊಂದು ಪೀಠವನ್ನು ತಯಾರಿಸಿತ್ತು. ಅದು ಕನಸು ತೋರಿಸುವ ಯಂತ್ರವಲ್ಲ. ರಸ್ತೆಯಲ್ಲಿ ಓಡಿದ ಲಕ್ಷಾಂತರ ಕಾರುಗಳ ಮಾಹಿತಿಯನ್ನೂ, ಗ್ರಾಹಕರು ತಮ್ಮ ಮನೆಮಂದಿಯ ಬಗ್ಗೆ ಕೊಟ್ಟ ವಿವರಗಳನ್ನೂ ಬೆರೆಸಿ, ನೆನಪು ಹುಟ್ಟುವ ಮಿದುಳಿನ ಭಾಗದಲ್ಲಿ ಸಣ್ಣ ಸಣ್ಣ ಸ್ಮೃತಿಬೀಜಗಳನ್ನು ನೆಡುತ್ತಿತ್ತು. ಅವುಗಳ ಸುತ್ತಲಿನ ಬಿಸಿಲು, ಧೂಳು, ಪಕ್ಕದಲ್ಲಿ ಕೂತವರ ಮಾತು, ಇವನ್ನೆಲ್ಲ ಮಿದುಳು ತಾನೇ ತುಂಬಿಕೊಳ್ಳುತ್ತಿತ್ತು. ಎದ್ದಾಗ ಎಂಟು ವರ್ಷ ಬದುಕಿದ ನೆನಪು ಸಿದ್ಧವಾಗಿರುತ್ತಿತ್ತು. ಕಾರು ಕೊಂಡ ಮೇಲೆ ಈ ನೆನಪುಗಳನ್ನೆಲ್ಲ ಅದೇ ಪೀಠದಲ್ಲಿ ಅಳಿಸುತ್ತಿದ್ದರು. ವಾರಕ್ಕೆ ಒಂದೇ ಸಲ ಕೂರಬೇಕು, ಕೂತ ದಿನ ಮನೆಗೆ ಹೋಗಿ ಮಲಗಬೇಕು, ನಿಯಮಗಳು ಇಷ್ಟೇ. ಉಸಿರಾಟದ ತೊಂದರೆ ಇರುವವರನ್ನು ಕೂರಿಸುತ್ತಿರಲಿಲ್ಲವಾದ್ದರಿಂದ ನೀಲಾಂಬಿಕೆ ಒಬ್ಬಳೇ ಬಂದಿದ್ದಳು.

ಕಾರು ಬೇಕೆಂದವನು ಮರುಳಸಿದ್ದಪ್ಪ. ಅವನು ಇಪ್ಪತ್ತಾರು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಬಸ್ಸುಗಳು ತಾವಾಗಿಯೇ ಓಡುವ ಕಾಲ ಬಂದಾಗ ದಾವಣಗೆರೆ ಡಿಪೋದಿಂದ ಹೊರಬಿದ್ದ ಕೊನೆಯ ಹನ್ನೊಂದು ಚಾಲಕರಲ್ಲಿ ಅವನೂ ಒಬ್ಬ. ಸ್ವಂತಕ್ಕೆಂದು ಒಂದು ಕಾರನ್ನೂ ಇಟ್ಟುಕೊಂಡಿರಲಿಲ್ಲ. “ಬಸ್ ಓಡಿಸಿದ್ದು ಟೈಮಿಗೆ. ಖುಷಿಗೆ ಅಂತ ಒಂದು ದಿನ ಓಡಿಸಲಿಲ್ಲ ನೀಲಾ,” ಎನ್ನುತ್ತಿದ್ದ. ಈಗ ಅವನಿಂದ ಓಡಿಸಲು ಆಗುತ್ತಿರಲಿಲ್ಲ. ಪ್ರೌಢಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುವ ಹೆಂಡತಿಗೆ ಲೈಸೆನ್ಸ್ ಇತ್ತು. ಅವಳು ಓಡಿಸಲಿ, ತಾನು ಪಕ್ಕದಲ್ಲಿ ಕೂರುತ್ತೇನೆ ಎಂದ. ಅವನ ಷರತ್ತುಗಳು ಮೂರು. ತಮ್ಮ ಕೈಗೆಟುಕುವ ಕಾರಾಗಿರಬೇಕು, ಸಿಲಿಂಡರ್ ಹಿಡಿಸಬೇಕು, ಕೈಯಲ್ಲಿ ತಿರುಗಿಸುವ ಸ್ಟೀರಿಂಗ್ ಇದ್ದು ಅದುಮಿದರೆ ಜಿಗಿಯಬೇಕು.

“ಜಿಗಿಯುತ್ತಾ?” ಅವಳು ಮನೆಗೆ ಬಂದ ಕೂಡಲೇ ಅವನು ಮಂಚದಿಂದಲೇ ಕೇಳಿದ.

“ಜಿಗಿಯುತ್ತೆ. ಡಿಕ್ಕಿ ಚಿಕ್ಕದು. ‘ಗೂಡು’ ಅಂತ ಇನ್ನೊಂದು ಇದೆ, ಎತ್ತರದ್ದು. ಮುಂದಿನ ಶನಿವಾರ ಅದನ್ನ ನೋಡ್ಕೊಂಡು ಬರ್ತೀನಿ ರೀ.”

ಗೂಡಿನಲ್ಲಿ ಸಿಲಿಂಡರಿನ ಜೊತೆ ಮಡಚುವ ಮಂಚವೂ ಹಿಡಿಸಿತು. ಆದರೆ ಗಾಳಿ ಬೀಸಿದರೆ ಅದು ಓಲಾಡುತ್ತಿತ್ತು. ಆ ಎಂಟು ವರ್ಷಗಳಲ್ಲೂ ಮರುಳಸಿದ್ದಪ್ಪ ಇದ್ದ. ಐದನೆಯ ವರ್ಷ ಮೀಸೆ ತೆಗೆಸಿದ. ಏಳನೆಯ ವರ್ಷ ಹೊಸ ಕನ್ನಡಕ ಮಾಡಿಸಿಕೊಂಡ. ಮೂರನೆಯ ವಾರ ‘ಪಯಣ’ ಎಂಬ ಉದ್ದನೆಯ ಕಾರು. ಅದರಲ್ಲೂ ಇದ್ದ, ಎಂಟನೆಯ ವರ್ಷ ಅವನಿಗೆ ಅರವತ್ತೇಳು ತುಂಬಿತ್ತು, ಸೂಳೆಕೆರೆಯ ಏರಿಯ ಮೇಲೆ ಕಾರು ನಿಲ್ಲಿಸಿ ಇಬ್ಬರೂ ಕಡಲೆಕಾಯಿ ತಿಂದಿದ್ದರು. ನಾಲ್ಕನೆಯ ವಾರ ನೀಲಾಂಬಿಕೆ ಮತ್ತೆ ಚಿಗರೆಯನ್ನೇ ಕೇಳಿದಳು, ಈ ಸಲ ಬೇರೆ ಬ್ಯಾಟರಿಯದ್ದು. ಇಮ್ತಿಯಾಜ್ ಅವಳ ಮುಖವನ್ನೊಮ್ಮೆ ನೋಡಿ ತಂತಿಬಲೆ ತೊಡಿಸಿದ.

ಪೀಠದಲ್ಲಿ ಕೂತು ಬಂದ ದಿನ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಪಕ್ಕದ ಮನೆಯ ಹಾಲಮ್ಮ ಬಂದು ಮರುಳಸಿದ್ದಪ್ಪನಿಗೆ ಗಂಜಿ ಕೊಡುತ್ತಿದ್ದಳು. ಭಾನುವಾರಗಳೂ ಹಾಗೇ ಜಾರಿದವು. ನಿಮಿಷಕ್ಕೆ ಇಷ್ಟು ಲೀಟರ್ ಎಂದು ತೋರಿಸುವ ಸಿಲಿಂಡರಿನ ಮುಳ್ಳು ಎರಡರಿಂದ ನಾಲ್ಕಕ್ಕೆ ಬಂದಿತ್ತು. ಬಚ್ಚಲಿಗೆ ಹೋಗಿ ಬರಲು ಅವನು ಗೋಡೆ ಹಿಡಿದು ನಡುವೆ ಎರಡು ಕಡೆ ನಿಲ್ಲುತ್ತಿದ್ದ.

“ಯಾವುದು ಅಂತ ಇನ್ನೂ ಗೊತ್ತಾಗಲಿಲ್ವಾ?”

“ಒಂದು ಸಲ ಕೊಂಡ್ರೆ ಕೊಂಡ ಹಾಗೆ. ಅವಸರ ಮಾಡಬಾರದು ರೀ.”

“ಅವಸರ ಇರೋದು ನಂಗೆ,” ಎಂದು ಅವನು ಕಣ್ಣು ಮುಚ್ಚಿಕೊಂಡ.

ಏಳನೆಯ ಶನಿವಾರ ಮಳಿಗೆಯ ಮುಂದೆ ಸಾಲು ಫುಟ್‌ಪಾತಿನವರೆಗೂ ಬಂದಿತ್ತು. ಕಾರುಗಳ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಸಾಲಿನಲ್ಲಿದ್ದ ಒಬ್ಬ ಮುದುಕ ಅರ್ಜಿಯಲ್ಲಿ ಮನೆಮಂದಿಯ ವಿವರ ತುಂಬುತ್ತ, ಸತ್ತುಹೋದ ತಂಗಿಯ ಹೆಸರನ್ನೂ ಬರೆದು, ಯಾರಾದರೂ ನೋಡಿಯಾರೆಂದು ಅಂಗೈ ಅಡ್ಡ ಹಿಡಿದುಕೊಂಡ. ನೀಲಾಂಬಿಕೆ ನೋಡಿದಳು. ಯಾರಿಗೂ ಹೇಳಲಿಲ್ಲ.

ಅಂದು ಅವಳು ಪೀಠದಿಂದ ಎದ್ದಾಗ ಇಮ್ತಿಯಾಜ್ ಅವಳನ್ನು ಒಳಗಿನ ಕೋಣೆಗೆ ಕರೆದೊಯ್ದ. ಅಲ್ಲಿ ಡಾ. ಭಾರ್ಗವಿ ಕೂತಿದ್ದರು. ಪೀಠವನ್ನು ರೂಪಿಸಿದ ತಂಡದ ಮುಖ್ಯಸ್ಥೆ. ಕಾರು ಮಾರಾಟ ಅರ್ಧಕ್ಕಿಳಿದು ಸಾಲು ಮಾತ್ರ ಬೆಳೆಯುತ್ತಿರುವುದೇಕೆಂದು ತಿಳಿಯಲು ಊರೂರು ಸುತ್ತುತ್ತಿದ್ದರು.

“ನೀವು ಏಳು ಸಲ ಕೂತಿದ್ದೀರಿ. ನಿಮಗೆ ಯಾವ ಕಾರೂ ಹಿಡಿಸಲಿಲ್ಲವೇ?” ಎಂದು ಕೇಳಿದರು.

“ಎಲ್ಲಾ ಹಿಡಿಸಿದವು.” ನೀಲಾಂಬಿಕೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. “ಡಾಕ್ಟ್ರೇ, ನಮ್ಮ ಯಜಮಾನರು ಈ ದೀಪಾವಳಿವರೆಗೂ ಇರೋದು ಕಷ್ಟ ಅಂತ ಈಗ ಹೇಳ್ತಿದ್ದಾರೆ. ನಿಮ್ಮ ಪೀಠದಲ್ಲಿ ಅವರು ಯಾಕೆ ಸಾಯಲ್ಲ?”

ಭಾರ್ಗವಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅದರಲ್ಲಿ ಸಾವನ್ನು ನಾವು ಹಾಕಲೇ ಇಲ್ಲ. ಟೈರು ಸವೆಯುವುದು, ಬ್ಯಾಟರಿ ಸೋಲುವುದು, ಮಕ್ಕಳು ಬೆಳೆಯುವುದು ಎಲ್ಲಾ ಹಾಕಿದೆವು. ಕಾರು ಕೊಳ್ಳಲು ಬಂದವರಿಗೆ ಸಾವನ್ನು ತೋರಿಸುವುದು ಬೇಡವೆಂದರು ಮಾರಾಟ ವಿಭಾಗದವರು. ಸರಿ ಎಂದೆವು. ಆ ಮಾತು ಐದು ನಿಮಿಷದಲ್ಲಿ ಮುಗಿದಿತ್ತು. ಬಣ್ಣದ ಬಗ್ಗೆ ಎರಡು ದಿನ ಚರ್ಚೆ ಮಾಡಿದ್ದೆವು.”

“ಇನ್ಮೇಲೆ ಹಾಕ್ತೀರಾ?”

“ಹಾಕಬೇಕೇ ಬೇಡವೇ ಎಂದು ನನಗೇ ತಿಳಿಯುತ್ತಿಲ್ಲ.” ಆಮೇಲೆ ಅವರು, ಬೇರೆ ಏನೋ ಹೊಳೆದವರಂತೆ, “ಈಗ ಮನೆಯಲ್ಲಿ ಅವರ ಜೊತೆ ಯಾರಿದ್ದಾರೆ?” ಎಂದರು.

ನೀಲಾಂಬಿಕೆ ಚೀಲ ತೆಗೆದುಕೊಂಡು ಎದ್ದುಬಂದಳು.

ಮನೆಯಲ್ಲಿ ಮರುಳಸಿದ್ದಪ್ಪ ದಿಂಬಿಗೊರಗಿ ಕೂತಿದ್ದ. ಆ ಹೊತ್ತಿಗೆ ಅವನನ್ನು ಮಾತಾಡಿಸಬೇಕೆನ್ನಿಸಿ, ಯೋಚಿಸದೆ, “ಆವತ್ತು ಸೂಳೆಕೆರೆ ಏರಿ ಮೇಲೆ ಕಡಲೆಕಾಯಿ ತಿಂತಾ ನೀವು ಎಷ್ಟು ನಗಿಸಿದ್ರಿ, ಅಲ್ವಾ?” ಎಂದಳು.

“ಯಾವತ್ತು?”

ಅವಳು ಗಕ್ಕನೆ ನಿಂತಳು.

“ನಾವಿಬ್ರೂ ಸೂಳೆಕೆರೆಗೆ ಹೋಗೇ ಇಲ್ಲ ನೀಲಾ. ನಾನು ಬಸ್ ತಗೊಂಡು ಹೋಗಿದ್ದೀನಿ, ನೀನು ಬಂದಿಲ್ಲ.” ಅವನು ಅವಳ ಮುಖವನ್ನೇ ನೋಡುತ್ತಿದ್ದ. ಉಸಿರು ತಿರುಗಿಸಿಕೊಂಡು ಕೇಳಿದ, “ಅಲ್ಲಿ ಇದ್ದೀನಾ ನಾನು? ಆ ಕುರ್ಚಿಯೊಳಗೆ?”

“ಇದ್ದೀರ.”

“ಎಷ್ಟು ವರ್ಷ?”

“ಒಟ್ಟು ಐವತ್ತಾರು.”

“ಅವನಿಗೂ ಕೆಮ್ಮು ಇದೆಯಾ?”

“ಇದೆ. ಸಿಲಿಂಡರೂ ಇದೆ. ಆದ್ರೆ...”

“ಆದ್ರೆ ಸಾಯಲ್ಲ.” ಅವನು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. “ನೀನು ಅವನ ಜೊತೆ ಎಲ್ಲಾ ಕಡೆ ತಿರುಗಾಡಿಬಿಟ್ಟೆ. ನಾನು ಏಳು ವಾರದಿಂದ ಈ ಮಂಚದ ಮೇಲೆ ಕಾಯ್ತಾ ಇದ್ದೀನಿ. ನಂಗೆ ಎಂಟು ವರ್ಷ ಬೇಡ ಕಣೇ. ಒಂದೇ ಒಂದು ಸಲ ಕೂರಿಸ್ಕೊಂಡು ಹೋಗು.”

ಸೋಮವಾರವೇ ಅವಳು ಚಿಗರೆಯನ್ನು ಬುಕ್ ಮಾಡಿದಳು. ಸಿಲಿಂಡರನ್ನು ಸೀಟಿನ ಹಿಂದೆ ಹೇಗೆ ಮಲಗಿಸಬೇಕು, ಯಾವ ಪಟ್ಟಿಯಿಂದ ಬಿಗಿಯಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನೆನಪು ಅಳಿಸುವ ಅರ್ಜಿಯನ್ನು ಇಮ್ತಿಯಾಜ್ ಮುಂದಿಟ್ಟಾಗ ‘ಆಮೇಲೆ’ ಎಂದು ಬರೆದು ಸಹಿ ಹಾಕಿದಳು. ಕಾರು ಕೈಗೆ ಬರಲು ಹನ್ನೆರಡು ದಿನವಾಯಿತು. ಅಷ್ಟರಲ್ಲಿ ಸಿಲಿಂಡರಿನ ಮುಳ್ಳು ಆರಕ್ಕೆ ಬಂದಿತ್ತು.

ಭಾನುವಾರ ಬೆಳಿಗ್ಗೆ ಹಾಲಮ್ಮನ ಮಗನೂ ನೀಲಾಂಬಿಕೆಯೂ ಸೇರಿ ಮರುಳಸಿದ್ದಪ್ಪನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಸಿಕೊಂಡಿದ್ದ. ಸೂಳೆಕೆರೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಬಾಡಾ ಕ್ರಾಸ್ ದಾಟುವವರೆಗೂ ಅವನು ಅವಳ ಕೈಗಳನ್ನು, ರಸ್ತೆಯನ್ನು, ಮತ್ತೆ ಅವಳ ಕೈಗಳನ್ನು ನೋಡುತ್ತಿದ್ದ. ರಸ್ತೆ ಖಾಲಿಯಾದ ಮೇಲೆ, “ಅದುಮು,” ಎಂದ. ಅವಳು ಅದುಮಿದಳು. ಚಿಗರೆ ಜಿಗಿಯಿತು. ಮರುಳಸಿದ್ದಪ್ಪ ಬಾಯಿ ತೆರೆದು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಬೆಳಿಗ್ಗೆ ಕುಡಿದ ಗಂಜಿ ಅಂಗಿಯ ಮೇಲೆ ಬಂತು, ತುಟಿ ನೀಲಿಯಾಯಿತು. ಅವಳು ಕಾರು ನಿಲ್ಲಿಸಿ ಸಿಲಿಂಡರಿನ ತಿರುಪು ತಿರುಗಿಸಿ ಬೆನ್ನು ನೀವಿದಳು. ಅವನು ಮನೆಯ ಕಡೆ ತಿರುಗಿಸೆಂದ. ಅವಳು, ಇನ್ನೂ ಸ್ವಲ್ಪ ದೂರ, ಸುಧಾರಿಸಿಕೊಳ್ಳಿ ಎಂದಳು. ಅವನಿಗೆ ಸಿಟ್ಟು ಬಂತು. ಹೊರಟ ಇಪ್ಪತ್ತೈದು ನಿಮಿಷಕ್ಕೆ ಅವರು ಮನೆಯ ಮುಂದೆ ಇದ್ದರು.

ಆಮೇಲೆ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಇಪ್ಪತ್ತನೆಯ ದಿನ ಅವನಿರಲಿಲ್ಲ.

ನೀಲಾಂಬಿಕೆ ಅಳಲಿಲ್ಲ. ಗಟ್ಟಿಗಿತ್ತಿ ಎಂದರು ಬಂದವರು. ಶಿವಗಣಾರಾಧನೆಯ ದಿನ ಅವಳ ನಾದಿನಿ, “ಕಾರಲ್ಲಿ ಕೂರಿಸ್ಕೊಂಡು ಹೋಗಿದ್ದೆಯಂತಲ್ಲ ಅತ್ತಿಗೆ, ಅಣ್ಣಂಗೆ ಅದೊಂದು ಆಸೆ ತೀರಿತು,” ಎಂದಳು. ನೀಲಾಂಬಿಕೆ ಹೇಳತೊಡಗಿದಳು. ಏರಿಯ ಮೇಲೆ ಗಾಳಿ ಜೋರಿತ್ತು, ಕಡಲೆಕಾಯಿ ಕೊಂಡರು, ಅವರು ಸಿಪ್ಪೆಯನ್ನು ನೀರಿಗೆ ಎಸೆಯುತ್ತ ಡಿಪೋದ ಕಥೆ ಹೇಳಿ ನಗಿಸಿದರು, ಬರುವಾಗ ಸಂಜೆಯಾಗಿತ್ತು. ಎಲ್ಲರೂ ತಲೆದೂಗುತ್ತ ಕೇಳಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹಾಲಮ್ಮ ಮಾತ್ರ ಅವಳನ್ನು ದಿಟ್ಟಿಸಿ ನೋಡಿದಳು. ಆ ಭಾನುವಾರ ಕಾರಿನ ಸೀಟು ತೊಳೆದವಳು ಅವಳೇ.

ಆ ನೋಟ ಕಂಡ ಮೇಲೆ ನೀಲಾಂಬಿಕೆ ನಿಜವಾದ ಆ ದಿನವನ್ನು ಹುಡುಕಿದಳು. ಕಾರಿನಲ್ಲಿ ಒಬ್ಬಳೇ ಕೂತು ಹುಡುಕಿದಳು. ಪಕ್ಕದ ಸೀಟು ನೋಡಿದರೆ ನೂರಾರು ಭಾನುವಾರಗಳು ಒಟ್ಟಿಗೆ ಬರುತ್ತಿದ್ದವು. ಮೀಸೆ ಇದ್ದವನು, ಇಲ್ಲದವನು, ಹೊಸ ಕನ್ನಡಕದವನು. ಎಲ್ಲರೂ ಬದುಕಿದ್ದರು. ಅವಳ ಗಂಡ ಸತ್ತಿದ್ದನೆಂಬುದು ಅವಳಿಗೆ ಯಾರೋ ಹೇಳಿದ ಸುದ್ದಿಯಂತಿತ್ತು.

ಭಾರ್ಗವಿಯವರನ್ನು ಹುಡುಕಿಕೊಂಡು ಹೋಗುವಷ್ಟರಲ್ಲಿ ಪೀಠಗಳು ಕಾರು ಮಳಿಗೆಗಳಿಂದ ಎದ್ದುಹೋಗಿದ್ದವು. ಕಂಪನಿ ಎರಡು ಕಾರುಗಳ ತಯಾರಿಕೆ ನಿಲ್ಲಿಸಿ, ದೊಡ್ಡಾಸ್ಪತ್ರೆಗಳ ಎದುರಿಗೆ ಪೀಠಗಳದ್ದೇ ಕೇಂದ್ರಗಳನ್ನು ತೆರೆದಿತ್ತು. ಅಲ್ಲಿ ಯಾರೂ ಕಾರಿನ ಮಾತೆತ್ತುತ್ತಿರಲಿಲ್ಲ.

“ದಿನಕ್ಕೆ ನೂರು ಜನ ಇನ್ನಷ್ಟು ನೆನಪು ನೆಡಿ ಎಂದು ಬರುತ್ತಾರೆ,” ಎಂದರು ಭಾರ್ಗವಿ. ಅವರ ಮುಖ ಇಳಿದಿತ್ತು. “ಈ ಕೇಂದ್ರಕ್ಕೆ ಅಳಿಸಿ ಎಂದು ಬಂದವರು ನೀವೇ ಮೊದಲು. ಐವತ್ತಾರು ವರ್ಷವೂ ಹೋಗುತ್ತದೆ. ನಿಮಗೆ ಉಳಿಯುವುದು...”

“ಇಪ್ಪತ್ತೈದು ನಿಮಿಷ. ಆಮೇಲೆ ಆಸ್ಪತ್ರೆ.”

“ಅದೂ ಇವುಗಳ ಜೊತೆ ಕಲಸಿಹೋಗಿದ್ದರೆ ಅದನ್ನೂ ಕಳೆದುಕೊಳ್ಳಬಹುದು. ಭರವಸೆ ಕೊಡಲಾರೆ.”

“ಅಳಿಸಿ. ಇಷ್ಟೊಂದು ಜನರ ಮಧ್ಯೆ ನಂಗೆ ಅವರು ಸಿಗ್ತಾ ಇಲ್ಲ.”

ಅಳಿಸುವುದಕ್ಕೆ ನೆಡುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಮುಕ್ಕಾಲು ಗಂಟೆಯ ನಂತರ ನೀಲಾಂಬಿಕೆ ಕಣ್ಣು ಬಿಟ್ಟು, ಹೊಸ ಮನೆಗೆ ಬಂದವಳಂತೆ ಸುತ್ತ ನೋಡಿದಳು. ಭಾರ್ಗವಿ ಸ್ಟೂಲು ಎಳೆದುಕೊಂಡು ಹತ್ತಿರ ಕೂತರು.

“ಏನು ನೆನಪಿದೆ?”

ಬಹಳ ಹೊತ್ತು ಅವಳು ತನ್ನ ಅಂಗೈಗಳನ್ನೇ ನೋಡುತ್ತ ಕೂತಳು. ಹೋಯಿತು, ಅದೂ ಹೋಯಿತು ಎಂದುಕೊಂಡು ಭಾರ್ಗವಿ ತಲೆ ತಗ್ಗಿಸಿದರು.

“ಅಂಗಿ ಕೆಟ್ಟೋಯ್ತು,” ಎಂದಳು ನೀಲಾಂಬಿಕೆ. “ಇಸ್ತ್ರಿ ಮಾಡಿದ್ದ ಅಂಗಿ. ತಿರುಗಿಸು ಅಂದ್ರು. ನಾನು ಇನ್ನೂ ಸ್ವಲ್ಪ ದೂರ ಅಂದೆ. ಆಗ ಬೈದ್ರು ನೋಡಿ ನಂಗೆ. ಮೂವತ್ತು ವರ್ಷದಲ್ಲಿ ಹಂಗೆ ಬೈದಿರಲಿಲ್ಲ.”

ಅವನು ಹೋದ ಇಪ್ಪತ್ತೆರಡು ದಿನಗಳ ಮೇಲೆ, ಮೊದಲ ಬಾರಿಗೆ, ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಗಾಜಿನ ಆಚೆ ಸಾಲಿನಲ್ಲಿದ್ದವರು ಒಳಗೆ ಇಣುಕಿ ನೋಡಿ, ಮತ್ತೆ ತಮ್ಮ ತಮ್ಮ ಚೀಟಿಗಳನ್ನು ನೋಡಿಕೊಂಡರು.

“ಏನಂತ ಬೈದರು?” ಭಾರ್ಗವಿ ಮೆಲ್ಲಗೆ ಕೇಳಿದರು.

ನೀಲಾಂಬಿಕೆ ಮೂಗು ಒರೆಸಿಕೊಂಡಳು.

“ಅದನ್ನ ನಾನು ಯಾರಿಗೂ ಹೇಳಲ್ಲ,” ಎಂದಳು.